ಸೊಣ್ಣಮ್ಮನ ಕೈಗೆ ಒಗ್ಗಿದ ಹುಲ್ಲಿನ ಮಿಷನ್

ಬಾಗಲೂರಿನ ಸೊಣ್ಣಮ್ಮನವರಿಗೆ ಐವತ್ತೆಂಟು ವರ್ಷ. ಬೆಳಿಗ್ಗೆ ಏಳುವಾಗ ಅವರಿಗೆ ಕೈಬೆರಳು ಮಡಿಸಲು ಆಗುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದರು. ಸ್ಟೀಲ್ ಡಬ್ಬದ ಮುಚ್ಚಳ ತೆಗೆಯಲು ಗಂಡನನ್ನು ಕೂಗುತ್ತಿದ್ದರು. ಹತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ಬೆರಳು ಅಷ್ಟಿಷ್ಟು ಸಡಿಲವಾಗುತ್ತಿತ್ತು. ಇಂಥ ಕೈ, ಇಂಥ ಮಂಡಿ ಇರುವವರು ನಮ್ಮ ನಿಮ್ಮ ಮನೆಯಲ್ಲಿ ಒಬ್ಬರಾದರೂ ಇದ್ದಾರೆ.

ಸೊಣ್ಣಮ್ಮನವರ ಮನೆಯ ಹಿಂದೆ ಆರು ಗುಂಟೆ ಹುಲ್ಲಿನ ಅಂಗಳವಿದೆ. ಮೊದಲು ಅಲ್ಲಿ ದ್ರಾಕ್ಷಿ ತೋಟವಿತ್ತು. ಉಳಿದ ಜಮೀನು ಲೇಔಟಿಗೆ ಹೋದಾಗ ಇಷ್ಟನ್ನು ಮಾತ್ರ ಅವರು ಹಟ ಹಿಡಿದು ಉಳಿಸಿಕೊಂಡರು. ಕಲ್ಲು ಆಯ್ದು, ಕೆಮ್ಮಣ್ಣು ತುಂಬಿಸಿ, ಹುಲ್ಲಿನ ಬೇರುಗಳನ್ನು ಒಂದೊಂದಾಗಿ ನೆಟ್ಟರು. ಈಗ ಅದು ಹಾಸಿದ ಜಮಖಾನದಂತಿದೆ. ನಾಮಕರಣ, ಸೀಮಂತ, ಮಕ್ಕಳ ಹುಟ್ಟುಹಬ್ಬ ಇಂಥ ಸಣ್ಣ ಸಮಾರಂಭಗಳಿಗೆ ಅದನ್ನು ಬಾಡಿಗೆಗೆ ಕೊಡುತ್ತಾರೆ. ಬಂದವರು ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಓಡಾಡುವುದನ್ನು ನೋಡುವುದೆಂದರೆ ಸೊಣ್ಣಮ್ಮನವರಿಗೆ ಬಹಳ ಇಷ್ಟ. ಏಳು ವರ್ಷದಿಂದ ಆ ಹುಲ್ಲನ್ನು ಬಹುಪಾಲು ಅವರೇ ಕತ್ತರಿಸುತ್ತಾ ಬಂದಿದ್ದರು.

ಕತ್ತರಿಸುವ ಮಿಷನ್ ಮಾತ್ರ ಹಳೆಯದು. ಪೆಟ್ರೋಲಿನದು, ಮೂವತ್ತು ಕೆಜಿಗೂ ಹೆಚ್ಚು ಭಾರ. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು.

ಹಿಂಗಾರು ಮಳೆ ನಿಂತ ಒಂದು ವಾರಕ್ಕೆ ಹುಲ್ಲು ಪಾದ ಮುಚ್ಚುವಷ್ಟು ಬೆಳೆಯಿತು. ಇನ್ನು ಹದಿನಾಲ್ಕು ದಿನಕ್ಕೆ ಅಬ್ಬಿಗೆರೆಯ ಬಿಂದುಶ್ರೀ ಎಂಬ ಹುಡುಗಿಯ ಸೀಮಂತವಿತ್ತು. ಸೊಣ್ಣಮ್ಮ ಮಿಷನ್ ಹೊರಗೆ ತಂದು ಹಗ್ಗ ಎಳೆದರು. ಸ್ಟಾರ್ಟ್ ಆಗಲಿಲ್ಲ. ಮತ್ತೆ ಎಳೆದರು. ಏಳನೇ ಸಲ ಎಳೆದಾಗ ಮಣಿಕಟ್ಟಿನಿಂದ ಭುಜದವರೆಗೆ ಚುಳುಕ್ ಎಂದಿತು. ಕೈ ಹಿಡಿದುಕೊಂಡು ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟರು. ಸಂಜೆಯ ಹೊತ್ತಿಗೆ ಮಣಿಕಟ್ಟು ಊದಿಕೊಂಡು ಬಳೆ ಬಿಗಿಯಾಯಿತು.

ಗಂಡ ಮುನಿಕೃಷ್ಣಪ್ಪನವರು ಮರುದಿನ ತಾವೇ ಹಗ್ಗ ಎಳೆದರು. ಅವರಿಗೆ ಅರವತ್ತನಾಲ್ಕು. ಮಿಷನ್ ಸ್ಟಾರ್ಟ್ ಆಯಿತು, ಎರಡು ಸಾಲು ಹುಲ್ಲು ಕತ್ತರಿಸಿದರು, ಆಮೇಲೆ ಆಫ್ ಮಾಡಿ ಬಂದು ಜಗಲಿಯ ಮೇಲೆ ಕುಳಿತರು. ಭುಜ ಒತ್ತಿಕೊಳ್ಳುತ್ತಿದ್ದರೂ ನೋವಿನ ಮಾತೆತ್ತಲಿಲ್ಲ.

"ಸೊಣ್ಣಮ್ಮ, ಇನ್ನೂ ಎಷ್ಟ್ ದಿನ ಇಂಗೆ ಒದ್ದಾಡ್ತೀಯ? ಪ್ಲಾಸ್ಟಿಕ್ ಉಲ್ಲು ಆಕ್ಸ್‌ಬಿಡಾಣ. ನೀರ್ ಬ್ಯಾಡ, ಕತ್ರಿಸೋದ್ ಬ್ಯಾಡ, ನಿನ್ ಕೈಗೂ ರಜಾ."

"ಇದನ್ನೆಲ್ಲಾ ಕಿತ್ ಆಕ್ಬಿಟ್ಟಾ?"

"ಇನ್ನೇನ್ ಮಾಡ್ತೀಯ? ನಿನ್ ಕೈಲಿ ಆಗಲ್ಲ. ಕೂಲಿಯೋನ್ ಬಂದು ಓದ್ ಸಲ ಮಣ್ಣು ಕಾಣೋಂಗೆ ಕೆರೆದಾಕಿ ಓದ. ಅವತ್ ನೀನೇ ಅಲ್ವಾ ಅತ್ತಿದ್ದು?"

ಮುನಿಕೃಷ್ಣಪ್ಪ ಅಂದೇ ಫೋನ್ ಮಾಡಿದರು. ಪ್ಲಾಸ್ಟಿಕ್ ಹುಲ್ಲಿನವರು ಬಂದು ಬೋರ್‌ವೆಲ್ ಪಕ್ಕ ಚಾಪೆಯಷ್ಟು ಅಗಲದ ಸ್ಯಾಂಪಲ್ ಹಾಸಿ ಹೋದರು. ಮುಂದಿನ ಸೋಮವಾರ ಕೆಲಸದವರು ಬಂದು ಹುಲ್ಲು ಕೀಳುವುದು ಎಂದು ಮಾತಾಯಿತು. ಆ ದಿನ ಸೊಣ್ಣಮ್ಮ ಊಟ ಮಾಡದೆ ಎದ್ದರು.

ಬುಧವಾರ ಅವರು ಊದಿದ ಕೈ ತೋರಿಸಲು ಯಲಹಂಕದ ಕ್ಲಿನಿಕ್ಕಿಗೆ ಹೋದರು. ಇದು ಸಂಧಿವಾತ ಎಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿ ಮಾತ್ರೆ ಕೊಟ್ಟಿದ್ದರು. ಈ ಸಲ ಕೈ ಪರೀಕ್ಷಿಸಿ, ಎರಡು ದಿನ ಪಟ್ಟಿ ಕಟ್ಟಿಕೊಳ್ಳಿ ಎಂದು ಹೇಳಿ, ಫಿಸಿಯೋಥೆರಪಿ ಮಾಡುವ ಮಲ್ಕಾ ಅವರ ಹತ್ತಿರ ಕಳಿಸಿದರು. ಮಲ್ಕಾ ಆಕೆಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು.

"ಅಮ್ಮ, ಈ ಕೈಯಿಂದ ನಿಮಗೆ ಯಾವ ಕೆಲ್ಸ ಮುಖ್ಯವಾಗಿ ಆಗ್ಬೇಕು?"

"ಉಲ್ಲು ಕತ್ರಿಸ್ಬೇಕು ಮೇಡಂ. ಬಿಟ್ಬಿಡಿ ಅಂತೀರ, ಗೊತ್ತು. ಮನೇಲೂ ಅದೇ ಅಂತಾರೆ."

"ನಾನ್ಯಾಕ್ ಹಾಗೆ ಹೇಳ್ಲಿ? ಊತ ಇಳಿದ್ಮೇಲೆ ನಡೆಯೋದು, ನಿಧಾನಕ್ಕೆ ತಳ್ಳೋದು ನಿಮಗೆ ಒಳ್ಳೇದೇ. ನಿಮ್ ಮಿಷನ್ ಹೇಗಿದೆ ಹೇಳಿ."

ಸೊಣ್ಣಮ್ಮ ಹಗ್ಗ, ಭಾರ, ತಳ್ಳುವಾಗ ಹಿಡಿಯುವ ಕೈಹಿಡಿಯ ನಡುಕ ಎಲ್ಲವನ್ನೂ ಹೇಳಿದರು. ಮಲ್ಕಾ ತಲೆಯಾಡಿಸುತ್ತಾ ಕೇಳಿದರು.

"ನೋಡಿ ಅಮ್ಮ, ಜೋರಾಗಿ ಎಳೆಯೋದು, ಬಿಗಿಯಾಗಿ ಹಿಡಿಯೋದು, ಬಗ್ಗಿ ಭಾರ ಎತ್ತೋದು, ಇವೇ ನಿಮ್ ಕೀಲಿಗೆ ಆಗದೆ ಇರೋದು. ನಿಮ್ ಮಿಷನ್ ಅಷ್ಟನ್ನೂ ಮಾಡಿಸ್ತಿದೆ. ಹುಲ್ಲು ಕೀಳ್ಬೇಡಿ. ಮಿಷನ್ ಬದಲಾಯ್ಸಿ."

"ಅಂಥದ್ದೂ ಐತಾ?"

"ಬ್ಯಾಟರಿದು ಬರುತ್ತೆ. ಬಟನ್ ಒತ್ತಿದ್ರೆ ಸ್ಟಾರ್ಟು. ಆದ್ರೆ ಬ್ಯಾಟರಿದೆಲ್ಲಾ ನಿಮಗೆ ಸರಿಹೋಗಲ್ಲ. ಅದಕ್ಕೇ ಒಂದ್ ಮಾತ್ ಹೇಳ್ತೀನಿ, ಅಂಗಡಿಗೆ ಬೆಳಿಗ್ಗೇನೇ ಹೋಗಿ."

"ಬೆಳಿಗ್ಗೆ ಕೈಯೇ ಬರಲ್ವಲ್ಲ ಮೇಡಂ."

"ಅದಕ್ಕೇ ಹೋಗಿ ಅಂದಿದ್ದು. ಬಿಗಿದುಕೊಂಡಿರೋ ಕೈಗೆ ಯಾವ ಮಿಷನ್ ಬಗ್ಗುತ್ತೋ ಅದು ದಿನಾ ಬಗ್ಗುತ್ತೆ. ಮಧ್ಯಾಹ್ನದ ಕೈಗೆ ಎಲ್ಲಾನೂ ಚೆನ್ನಾಗೇ ಕಾಣುತ್ತೆ. ನೀವೇ ಸ್ಟಾರ್ಟ್ ಮಾಡಿ, ನೀವೇ ತಿರುಗ್ಸಿ, ನೀವೇ ಎತ್ತಿ ನೋಡಿ. ಯಜಮಾನ್ರು ಎತ್ತಿ ಹಗುರ ಅಂದ್ರೆ ಒಪ್ಕೋಬೇಡಿ."

ಮನೆಯಲ್ಲಿ ಈ ಮಾತು ಕೇಳಿ ಮುನಿಕೃಷ್ಣಪ್ಪ ನಕ್ಕರು. "ಬ್ಯಾಟರಿದು ಆಟದ ಸಾಮಾನು ಕಣೆ. ನಮ್ ಉಲ್ಲಿಗೆಲ್ಲಿ ತಡೀತದೆ?"

"ಸೋಮವಾರದ ತಂಕ ಟೈಮ್ ಐತಲ್ಲ. ಒಂದ್ಸಲ ಕರ್ಕೊಂಡ್ ಓಗಿ. ಆಗದೆ ಓದ್ರೆ ನಿಮ್ ಪ್ಲಾಸ್ಟಿಕ್ಕೇ ಆಕ್ಸಿ, ನಾನ್ ಮಾತಾಡಲ್ಲ," ಎಂದರು ಸೊಣ್ಣಮ್ಮ.

ಅಷ್ಟು ದೊಡ್ಡ ಮಾತು ಹೆಂಡತಿಯ ಬಾಯಲ್ಲಿ ಬಂದದ್ದು ಕೇಳಿ ಮುನಿಕೃಷ್ಣಪ್ಪ ಶುಕ್ರವಾರ ಹೋಗೋಣ ಎಂದು ಒಪ್ಪಿದರು.

ಶುಕ್ರವಾರದ ಹೊತ್ತಿಗೆ ಮಣಿಕಟ್ಟಿನ ಊತ ಇಳಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಯಲಹಂಕದ ಮಿಷನ್ ಅಂಗಡಿ ಸೇರಿದರು. ಅಂಗಡಿಯ ನರೇಂದ್ರ ಆಗಷ್ಟೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. ಬಂದವರಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ರೋಲ್ ಮಿಷನ್ ತೋರಿಸಿದ.

"ಇದು ತಗೊಂಡ್ರೆ ಇಪ್ಪತ್ತು ವರ್ಷ ನೋಡೋ ಹಾಗಿಲ್ಲ ಯಜಮಾನ್ರೆ."

"ಕತ್ರಿಸೋಳು ನಾನು," ಎಂದರು ಸೊಣ್ಣಮ್ಮ. "ಅಗ್ಗ ಎಳೆಯೋದ್ ಬ್ಯಾಡ. ಬೇರೆ ತೋರ್ಸಪ್ಪ."

ನರೇಂದ್ರ ಕರೆಂಟಿನ ಮಿಷನ್ ತಂದ. ಬಹಳ ಹಗುರವಾಗಿತ್ತು, ಬೆಲೆಯೂ ಕಡಿಮೆ. ಆದರೆ ಹಿಂದೆ ಉದ್ದದ ವೈರು. ಆ ವೈರನ್ನು ಪ್ರತಿ ಸಾಲಿಗೂ ಬಗ್ಗಿ ಎತ್ತಿ ಪಕ್ಕಕ್ಕೆ ಹಾಕಬೇಕು. ಸೊಣ್ಣಮ್ಮ ಅಂಗಡಿಯಲ್ಲೇ ನಾಲ್ಕು ಸಲ ಬಗ್ಗಿ ಎದ್ದು ಮಂಡಿ ಹಿಡಿದುಕೊಂಡರು. ವೈರು ಬ್ಲೇಡಿಗೆ ಸಿಕ್ಕಿದರೆ ಅಪಾಯ ಎಂದು ನರೇಂದ್ರನೂ ಒಪ್ಪಿದ.

ಆಮೇಲೆ ಬಂದದ್ದು ಬ್ಯಾಟರಿಯ ದೊಡ್ಡ ಮಿಷನ್. ತಳ್ಳುವುದೇ ಬೇಡ, ತಾನೇ ಮುಂದಕ್ಕೆ ಹೋಗುತ್ತದೆ. ಮುನಿಕೃಷ್ಣಪ್ಪನವರ ಮುಖ ಅರಳಿತು. "ಇದೇ ಆಗ್ಲಿ ಬಿಡು," ಎಂದರು. ಸೊಣ್ಣಮ್ಮ ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಅದನ್ನು ಓಡಿಸಿದರು. ನೇರಕ್ಕೆ ಸೊಗಸಾಗಿ ಹೋಯಿತು. ತಿರುಗಿಸಲು ಹೋದಾಗ ಭಾರಕ್ಕೆ ಮಣಿಕಟ್ಟು ಹೊರಳಿತು. ಅಂಗಡಿಯ ಒಂದು ಮೆಟ್ಟಿಲು ಹತ್ತಿಸಲು ಆಗಲಿಲ್ಲ.

"ಇಷ್ಟ್ ನೋಡಿದ್ಮೇಲೆ ಗೊತ್ತಾಯ್ತಲ್ಲ," ಎಂದರು ಮುನಿಕೃಷ್ಣಪ್ಪ. "ನಡಿ ಓಗಾಣ."

ಸೊಣ್ಣಮ್ಮ ಅಲುಗಲಿಲ್ಲ. ಒಂದು ಮೂಲೆಯಲ್ಲಿ ಚಿಕ್ಕದೊಂದು ಮಿಷನ್ ನಿಂತಿತ್ತು.

"ಅದನ್ನ ತೋರ್ಸು."

"ಅದು ಚಿಕ್ಕದು ಅಮ್ಮ. ಮನೆ ಮುಂದಿನ ಸಣ್ಣ ಗಾರ್ಡನ್‌ಗೆ ಅಂತ ತಗೊಂಡ್ ಹೋಗ್ತಾರೆ."

"ತೋರ್ಸಪ್ಪ, ನೋಡಾಣ."

ಅದರ ತೂಕ ಹದಿಮೂರು ಕೆಜಿ. ಸೊಣ್ಣಮ್ಮ ಕೈಹಿಡಿ ಒತ್ತಿ ಮುಂದಿನ ಚಕ್ರ ಎತ್ತಿದರು, ಎದ್ದಿತು. ತಿರುಗಿಸಿದರು, ತಿರುಗಿತು. ಮೆಟ್ಟಿಲನ್ನೂ ಹತ್ತಿತು. ಕೈಹಿಡಿಗೆ ದಪ್ಪನೆಯ ಮೆತ್ತೆ ಇತ್ತು, ಬೆರಳು ಪೂರ್ತಿ ಮಡಿಸದೆ ಹಿಡಿಯಬಹುದಾಗಿತ್ತು. ನರೇಂದ್ರ ಕೈಹಿಡಿಯನ್ನು ಅವರ ಸೊಂಟದ ಎತ್ತರಕ್ಕೆ ಏರಿಸಿ ಕೊಟ್ಟ. ಬೆನ್ನು ನೆಟ್ಟಗಾಯಿತು. ಓಡುವಾಗ ಒಂದು ಅಡ್ಡಕಂಬಿಯನ್ನು ಒತ್ತಿ ಹಿಡಿದಿರಬೇಕು, ಬಿಟ್ಟರೆ ಬ್ಲೇಡು ನಿಲ್ಲುತ್ತದೆ. ಅದು ಸುರಕ್ಷತೆಗೆ ಇರುವುದು.

"ಇದನ್ನ ಅಂಗೈಯಲ್ಲೇ ಒತ್ ಇಡೀಬೋದಾ?"

"ಹಿಡೀಬಹುದು ಅಮ್ಮ. ಬೆರಳಿಗೆ ಜೋರೇ ಬೇಡ."

ಸೊಣ್ಣಮ್ಮ ಹಿಡಿದುಕೊಂಡು ನಿಂತರು. ಒಂದು ನಿಮಿಷವಾಯಿತು, ಎರಡಾಯಿತು. ನರೇಂದ್ರ ಗಡಿಯಾರ ನೋಡಿದ. ಸೊಣ್ಣಮ್ಮ ಐದು ನಿಮಿಷ ಬಿಡಲಿಲ್ಲ. ಕೈ ನೋಯಲಿಲ್ಲ.

ಕೊನೆಗೆ ಚಾರ್ಜಿಗೆ ಹಾಕಲು ಬ್ಯಾಟರಿ ತೆಗೆಯುವ ಸರದಿ. ಕ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ಎಳೆಯಬೇಕಿತ್ತು. ಸೊಣ್ಣಮ್ಮ ಒತ್ತಿದರು. ಬರಲಿಲ್ಲ. ಎರಡು ಹೆಬ್ಬೆರಳು ಸೇರಿಸಿ ಒತ್ತಿದರು. ಆಗಲೂ ಬರಲಿಲ್ಲ. ಅವರ ಕಣ್ಣಲ್ಲಿ ನೀರಾಡಿತು.

"ಎಲ್ಲಾ ಆಯ್ತು, ಇದೊಂದು ಆಗ್ಲಿಲ್ವಲ್ಲ," ಎಂದರು ಮೆಲ್ಲಗೆ.

ನರೇಂದ್ರ ಆಗ ಮೊದಲ ಸಲ ಅವರ ಊದಿದ ಗೆಣ್ಣುಗಳನ್ನು ಸರಿಯಾಗಿ ನೋಡಿದ. "ಎರಡ್ ನಿಮಿಷ ಅಮ್ಮ," ಎಂದು ಗೋಡೌನಿಗೆ ಹೋಗಿ ಅದೇ ಅಳತೆಯ, ಬೇರೆ ಕಂಪನಿಯ ಮಿಷನ್ ತಂದ. "ಇದರ ಬ್ಯಾಟರಿಗೆ ದೊಡ್ಡ ಗುಂಡಿ ಇದೆ. ಅಂಗೈಯಿಂದ ಒತ್ತಿ ನೋಡಿ."

ಸೊಣ್ಣಮ್ಮ ಅಂಗೈ ಇಟ್ಟು ಒತ್ತಿದರು. ಟಕ್ ಎಂದು ಬ್ಯಾಟರಿ ಮೇಲೆದ್ದಿತು. ಮತ್ತೆ ಹಾಕಿದರು, ಮತ್ತೆ ತೆಗೆದರು. ಉಳಿದ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಿದರು. ಐದನೇ ಸಲ ಬ್ಯಾಟರಿ ತೆಗೆದಾಗ ಗಂಡನ ಕಡೆ ತಿರುಗಿ, "ಈಗೇನಂತೀರ?" ಎಂದರು.

"ಬ್ಯಾಟರಿ ಬಂತು ಸರಿ. ಉಲ್ಲು ಬೀಳ್ಬೇಕಲ್ಲ?" ಎಂದರು ಮುನಿಕೃಷ್ಣಪ್ಪ.

"ನಾಳೆ ಮನೆಗೇ ತಂದು ತೋರಿಸ್ತೀನಿ ಯಜಮಾನ್ರೆ. ಹುಲ್ಲು ಬಿದ್ರೆ ತಗೊಳ್ಳಿ, ಇಲ್ಲಾಂದ್ರೆ ವಾಪಸ್ ತರ್ತೀನಿ," ಎಂದ ನರೇಂದ್ರ.

ಶನಿವಾರ ಹತ್ತೂವರೆ. ಇಬ್ಬನಿ ಆರಿ ಹುಲ್ಲು ಒಣಗಿತ್ತು. ಸೊಣ್ಣಮ್ಮ ಬೂಟು ಹಾಕಿ, ಸೆರಗು ಸಿಕ್ಕಿಸಿ ನಿಂತರು. ಬಟನ್ ಒತ್ತಿ ಅಡ್ಡಕಂಬಿ ಹಿಡಿದರು. ಮಿಷನ್ ಜುಯ್ ಎಂದು ಶುರುವಾಯಿತು. ನಾಲ್ಕು ಹೆಜ್ಜೆ ಹೋಯಿತು. ದಟ್ಟ ಹುಲ್ಲಿಗೆ ಸಿಕ್ಕಿ ನಿಂತುಬಿಟ್ಟಿತು.

"ನಾನ್ ಏಳ್ಲಿಲ್ವಾ," ಎಂದರು ಮುನಿಕೃಷ್ಣಪ್ಪ.

ಸೊಣ್ಣಮ್ಮ ಸಿಕ್ಕಿಕೊಂಡ ಹುಲ್ಲು ತೆಗೆಯಲು ಬಗ್ಗಿದರು. ನರೇಂದ್ರ ಓಡಿ ಬಂದು ತಡೆದ. "ಅಮ್ಮ, ಕೈ ಹಾಕ್ಬೇಡಿ. ಯಾವಾಗ್ಲೂ ಮೊದ್ಲು ಬ್ಯಾಟರಿ ತೆಗೀಬೇಕು. ಬ್ಲೇಡು ಪೂರ್ತಿ ನಿಂತ್ಮೇಲೆ ಕೋಲಿಂದ ಹುಲ್ಲು ಎಳೀಬೇಕು." ಸೊಣ್ಣಮ್ಮ ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟ ಮೇಲೆಯೇ ಅವನು ಅಡಿಯ ಹುಲ್ಲು ಕೆರೆದ. ಆಮೇಲೆ ಚಕ್ರದ ಪಕ್ಕದ ಲಿವರ್ ಒಂದನ್ನು ಮೇಲಕ್ಕೆ ಎಳೆದು ಬ್ಲೇಡಿನ ಎತ್ತರ ಏರಿಸಿದ.

"ಇಷ್ಟು ಬೆಳೆದಿರೋ ಹುಲ್ಲನ್ನ ಒಂದೇ ಸಲ ಬುಡಕ್ಕೆ ಕತ್ತರಿಸ್ಬಾರ್ದು ಅಮ್ಮ. ಮೇಲಿಂದ ಮೂರರಲ್ಲಿ ಒಂದು ಭಾಗ ತೆಗೀರಿ. ಮೂರ್ ನಾಲ್ಕ್ ದಿನ ಬಿಟ್ಟು ಮತ್ತೆ ಸ್ವಲ್ಪ ಇಳ್ಸಿ. ಮಿಷನ್ನಿಗೂ ಸುಲಭ, ಹುಲ್ಲಿಗೂ ಒಳ್ಳೇದು."

ಸೊಣ್ಣಮ್ಮ ಬ್ಯಾಟರಿ ಹಾಕಿ ಮತ್ತೆ ಬಟನ್ ಒತ್ತಿದರು. ಈ ಸಲ ಮಿಷನ್ ನಿಲ್ಲಲಿಲ್ಲ. ಬೇಲಿಯವರೆಗೆ ಹೋದರು, ತಿರುಗಿಸಿಕೊಂಡು ಬಂದರು. ಹಿಂದೆ ನೋಡಿದರೆ ನೆಟ್ಟಗಿನ ಪಟ್ಟೆ. ಇನ್ನೊಂದು ಸಾಲು, ಮತ್ತೊಂದು ಸಾಲು. ಹಸಿ ಹುಲ್ಲಿನ ವಾಸನೆ ಮನೆಯೊಳಗೆಲ್ಲ ತುಂಬಿತು. ಕತ್ತರಿಸಿದ ಹುಲ್ಲು ಬೀಳುವ, ಮಿಷನ್ನಿನ ಹಿಂದಿನ ಚೀಲ ತುಂಬಿ ಭಾರವಾಗುವ ಮೊದಲೇ, ಅರ್ಧಕ್ಕೇ ಖಾಲಿ ಮಾಡಿದರು. ಇಪ್ಪತ್ತು ನಿಮಿಷವಾದಾಗ ತಾವೇ ನಿಲ್ಲಿಸಿದರು.

"ಸುಸ್ತಾಯ್ತಾ?" ಎಂದು ಮುನಿಕೃಷ್ಣಪ್ಪ ಕೇಳಿದರು.

"ಇಲ್ಲ. ಸುಸ್ತಾಗೋಕ್ ಮುಂಚೆ ನಿಲ್ಲಿಸ್ಬೇಕು ಅಂತ ಮಲ್ಕಾ ಮೇಡಂ ಏಳವ್ರೆ."

ನೀರು ಕುಡಿದು, ಕೈ ನೀವಿಕೊಂಡು, ಮತ್ತೆ ಇಪ್ಪತ್ತು ನಿಮಿಷ ಕತ್ತರಿಸಿದರು. ಅರ್ಧ ಅಂಗಳ ಮುಗಿಯಿತು. ಉಳಿದರ್ಧ ಭಾನುವಾರಕ್ಕೆ ಎಂದು ಮಿಷನ್ನನ್ನು ಶೆಡ್ಡಿಗೆ ತಳ್ಳಿದರು. ನರೇಂದ್ರ ಬಿಲ್ ಪುಸ್ತಕ ತೆಗೆದಾಗ ಮುನಿಕೃಷ್ಣಪ್ಪ ಬೇಡ ಎನ್ನಲಿಲ್ಲ. ಇನ್ನೊಂದು ಬ್ಯಾಟರಿಯನ್ನೂ ತಾವೇ ಕೇಳಿ ತೆಗೆದುಕೊಂಡರು.

ಭಾನುವಾರ ಬೆಳಿಗ್ಗೆ ಎದ್ದಾಗ ಸೊಣ್ಣಮ್ಮನವರ ಬೆರಳು ಎಂದಿನಂತೆಯೇ ಬಿಗಿಯಾಗಿತ್ತು. ಮಿಷನ್ ಬದಲಾಯಿಸಿದರೆ ಸಂಧಿವಾತ ಹೋಗುವುದಿಲ್ಲ. ಆದರೆ ಹೊಸ ಊತವಿರಲಿಲ್ಲ, ಹೊಸ ನೋವಿರಲಿಲ್ಲ. ಹತ್ತೂವರೆಗೆ ಮತ್ತೆ ಬೂಟು ಹಾಕಿದರು. ಮಧ್ಯಾಹ್ನ ಹನ್ನೆರಡಕ್ಕೆ ಆರು ಗುಂಟೆಯೂ ಒಂದೇ ಸಮವಾಯಿತು.

ಕೊನೆಯ ಸಾಲು ಬೋರ್‌ವೆಲ್ ಪಕ್ಕ ಮುಗಿಯಿತು. ನೋಡಲು ಬಂದ ಮುನಿಕೃಷ್ಣಪ್ಪ ಬರಿಗಾಲಲ್ಲಿ ಪ್ಲಾಸ್ಟಿಕ್ ಸ್ಯಾಂಪಲ್ ಮೇಲೆ ಕಾಲಿಟ್ಟು, ಸುಟ್ಟವರಂತೆ ಪಕ್ಕದ ಹುಲ್ಲಿಗೆ ಹಾರಿದರು.

"ಅಬ್ಬಾ, ಕಾವಲಿ ಆದಂಗ್ ಆಗೈತೆ," ಎಂದರು. ಹುಲ್ಲಿನ ಮೇಲೆ ಕಾಲು ಉಜ್ಜಿಕೊಂಡರು. ಆಮೇಲೆ ಹೆಂಡತಿಯ ಮುಖ ನೋಡದೆ ಹೇಳಿದರು, "ಸೊಣ್ಣಮ್ಮ, ನಂಗೂ ಎರಡ್ ವರ್ಷದಿಂದ ಈ ಭುಜ ಎತ್ತಕ್ ಆಗ್ತಿಲ್ಲ ಕಣೆ. ಅವತ್ ಅಗ್ಗ ಎಳ್ದ್ಮೇಲೆ ಮೂರ್ ದಿನ ಮಗ್ಗುಲಾಗ್ ಮಲಗಕ್ ಆಗ್ಲಿಲ್ಲ."

"ಏಳ್ಬಾರ್ದಿತ್ತಾ?"

"ನಿನ್ ಕೈಯೇ ಇಂಗಿರೋವಾಗ ನನ್ ಭುಜ ಏನಂತ ಏಳ್ಲಿ?"

ಸೊಣ್ಣಮ್ಮ ಮಿಷನ್ನಿನ ಕೈಹಿಡಿಯನ್ನು ಅವರ ಕಡೆ ತಿರುಗಿಸಿದರು. "ಒಂದ್ ಸಾಲು ನೀವೂ ಒಡೀರಿ ನೋಡಾಣ."

ಮುನಿಕೃಷ್ಣಪ್ಪ ಒಂದು ಸಾಲು ಹೋದರು. ವಾಪಸ್ ಬಂದು ಮಿಷನ್ ಕೊಡಲಿಲ್ಲ. ಕತ್ತರಿಸಿದ್ದನ್ನೇ ಇನ್ನೊಮ್ಮೆ ಕತ್ತರಿಸುತ್ತಾ ಹೋದರು. ಸೊಣ್ಣಮ್ಮ ಜಗಲಿಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಮವಾರ ಎಂಟು ಗಂಟೆಗೆ ಪ್ಲಾಸ್ಟಿಕ್ ಹುಲ್ಲಿನವರ ಟೆಂಪೋ ಬಂದು ಗೇಟಿನ ಮುಂದೆ ನಿಂತಿತು. ಮುನಿಕೃಷ್ಣಪ್ಪನವರೇ ಸ್ಯಾಂಪಲ್ ಸುರುಳಿ ಸುತ್ತಿ ತಂದು ಕೊಟ್ಟರು. "ತೊಂದ್ರೆ ಕೊಟ್ಟೆ ಕಣಪ್ಪ. ಬ್ಯಾಡ ಅನ್ಸ್ತು. ನಮ್ ಮನೆಯೋರೇ ಉಲ್ಲು ಕತ್ರಿಸ್ತಾರೆ," ಎಂದರು. ಬಂದವರಿಗೆ ಕಾಫಿ ಕುಡಿಸಿ ಕಳಿಸಿದರು.

ಗುರುವಾರ ಮತ್ತು ಶುಕ್ರವಾರ ಸೊಣ್ಣಮ್ಮ ಇನ್ನೊಂದು ಸುತ್ತು, ಸ್ವಲ್ಪ ಕೆಳಗೆ ಕತ್ತರಿಸಿದರು. ಭಾನುವಾರ ಸೀಮಂತ. ಹಸಿರು ಸೀರೆ, ಹಸಿರು ಬಳೆ ತೊಟ್ಟ ಬಿಂದುಶ್ರೀ ಕಾರಿಳಿದವಳೇ ಊದಿದ ಪಾದಗಳ ಚಪ್ಪಲಿ ಕಳಚಿ ಹುಲ್ಲಿಗೆ ಕಾಲಿಟ್ಟಳು. "ಆಂಟಿ, ಎಷ್ಟ್ ತಂಪಾಗಿದೆ. ಕುರ್ಚಿ ಆಮೇಲೆ ಹಾಕ್ಲಿ, ನಾನ್ ಸ್ವಲ್ಪ ಓಡಾಡ್ತೀನಿ," ಎಂದಳು. ಅವಳ ಅತ್ತೆ, ತಾಯಿ, ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಯಾರೋ ಒಬ್ಬರು, "ಯಾವ ಮಾಲಿ ಇಟ್ಟಿದ್ದೀರಿ? ನಂಬರ್ ಕೊಡಿ," ಎಂದು ಕೇಳಿದರು. ಮುನಿಕೃಷ್ಣಪ್ಪ ಎದೆ ಮುಂದೆ ಮಾಡಿಕೊಂಡು ಹೆಂಡತಿಯತ್ತ ಕೈ ತೋರಿಸಿದರು. ಕೇಳಿದವರು ಸೊಣ್ಣಮ್ಮನವರ ಗೆಣ್ಣು ದಪ್ಪಗಾದ ಕೈ ನೋಡಿದರು, ಹುಲ್ಲು ನೋಡಿದರು, ಬಂದು ಆ ಕೈ ಹಿಡಿದುಕೊಂಡರು.

ಮುಂದಿನ ತಿಂಗಳು ಮಲ್ಕಾ ಅವರು ಕ್ಲಿನಿಕ್ಕಿಗೆ ಬರುವ ನಾಲ್ಕು ಜನರನ್ನು ಅಂಗಳಕ್ಕೆ ಕರೆತಂದರು. ಅವರಲ್ಲಿ ವಿದ್ಯಾರಣ್ಯಪುರದ ಪಾರ್ಕಿನಲ್ಲಿ ಹುಲ್ಲು ಕತ್ತರಿಸುವ ಚಿಕ್ಕಮಾರಯ್ಯ ಎಂಬವರಿದ್ದರು. ಮಂಡಿ ನೋವಿನಿಂದ ಕೆಲಸ ಬಿಡುವ ಯೋಚನೆಯಲ್ಲಿದ್ದರು. ಸೊಣ್ಣಮ್ಮ ಅವರ ಸೊಂಟಕ್ಕೆ ಕೈಹಿಡಿಯ ಎತ್ತರ ಹೊಂದಿಸಿ ಕೊಟ್ಟರು. ಚಿಕ್ಕಮಾರಯ್ಯ ಬಟನ್ ಒತ್ತಿ ಮುಂದೆ ನಡೆದರು. ಹಿಂತಿರುಗಿ ಬರುವಾಗ ಅವರ ನಡಿಗೆಯಲ್ಲಿ ಬಿರುಸಿತ್ತು. "ಇನ್ನೊಂದ್ ರೌಂಡ್ ಓಗ್ಲಾ?" ಎಂದು ಕೇಳಿದರು. ಉಳಿದ ಮೂವರು ಸಾಲಾಗಿ ನಿಂತು ಕಾಯುತ್ತಿದ್ದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೇಳುತ್ತಿರುವ ಹಿರಿಯರೇ, ಕೀಲು ನೋವು ಬಂತೆಂದು ಮೆಚ್ಚಿನ ಕೆಲಸವನ್ನು ಕೈಬಿಡಬೇಡಿ. ನೋವನ್ನು ಮನೆಯವರಿಂದ ಮುಚ್ಚಿಡಲೂಬೇಡಿ. ಮೊದಲು ಡಾಕ್ಟರಿಗೆ ತೋರಿಸಿ, ಕೊಟ್ಟ ಮಾತ್ರೆ ಬಿಡದೆ ತೆಗೆದುಕೊಳ್ಳಿ. ಹುಲ್ಲಿನ ಮಿಷನ್ ಕೊಳ್ಳುವುದಾದರೆ ಕೈ ಬಿಗಿಯಾಗಿರುವ ಹೊತ್ತಿನಲ್ಲೇ ಅಂಗಡಿಗೆ ಹೋಗಿ, ನಿಮ್ಮ ಕೈಯಾರೆ ಸ್ಟಾರ್ಟ್ ಮಾಡಿ, ತಿರುಗಿಸಿ, ಮೆಟ್ಟಿಲು ಹತ್ತಿಸಿ ನೋಡಿ. ಕೈಹಿಡಿ ಸೊಂಟದೆತ್ತರಕ್ಕೆ ಬರುತ್ತದೆಯೇ, ಬ್ಯಾಟರಿ ಸಲೀಸಾಗಿ ಹೊರಬರುತ್ತದೆಯೇ ಎಂದು ಪರೀಕ್ಷಿಸದೆ ಹಣ ಕೊಡಬೇಡಿ. ಅಂಗಡಿಯವರು ಆತುರ ಮಾಡಿದರೆ ಮಾಡಲಿ. ಮಿಷನ್ ತಳ್ಳುವವರು ನೀವು. ಒಂದು ಒಗ್ಗದಿದ್ದರೆ ಇನ್ನೊಂದು ತೋರಿಸಿ ಎಂದು ಕೇಳಿ. ನಿಮ್ಮ ಕೈಗೆ ಸರಿಹೊಂದುವುದು ಸಿಗುವವರೆಗೆ ಕೇಳುತ್ತಲೇ ಇರಿ.